ಎದುರು ಮನೆಯ ‘ನೆಬಿ’ ಅಜ್ಜಿ

ಎಲ್ಲರಿಗೂ ನಮಸ್ಕಾರ.

ನಾನು ಅಮೆರಿಕದ ಪಿಟ್ಸ್‌ಬರ್ಗಿಗೆ ಬಂದ ಮೊದಲ ಚಳಿಗಾಲ. ಎದುರು ಮನೆಯ ಅಜ್ಜಿ ರಸ್ತೆ ದಾಟಿ ಬಂದು, ‘ಐ ಡೋಂಟ್ ಮೀನ್ ಟು ಬಿ ನೆಬಿ, ಬಟ್...’ ಅಂತ ಮಾತು ಶುರು ಮಾಡಿದರು. ನೆಬಿ ಅಂದರೇನು ಅಂತ ಗೊತ್ತಿರಲಿಲ್ಲ. ಆಮೇಲೆ ಬಂದ ಪ್ರಶ್ನೆಗಳು ಮಾತ್ರ ಬಹಳ ಪರಿಚಿತ. ಯಾವ ಊರಿನವರು? ಮನೇಲಿ ಎಷ್ಟು ಜನ? ರಾತ್ರಿ ಎರಡು ಗಂಟೆಗೂ ಅಡುಗೆಮನೆಯ ದೀಪ ಉರಿಯುತ್ತಿರುತ್ತಲ್ಲ, ಯಾಕೆ? ಆ ಹೊತ್ತಿಗೆ ಊರಲ್ಲಿ ಮಧ್ಯಾಹ್ನ, ಅಮ್ಮನಿಗೆ ಫೋನ್ ಮಾಡುತ್ತೇನೆ ಅಂದೆ. ಅವರ ಮುಖದಲ್ಲಿ ನೆಮ್ಮದಿ ಕಂಡಿತು.

ನೆಬಿ ಅಂದರೆ ಬೇರೆಯವರ ವಿಷಯದಲ್ಲಿ ಮೂಗು ತೂರಿಸುವವರು. ‘ನೆಬ್’ ಅಂದರೆ ಕೊಕ್ಕು. ಮೂಗಿಗೂ ಅದೇ ಮಾತು. ಹಳೆಯ ಇಂಗ್ಲಿಷಿನ ಈ ಪದ ಸ್ಕಾಟ್ಲೆಂಡಿನಲ್ಲೂ ಇಂಗ್ಲೆಂಡಿನ ಉತ್ತರ ಭಾಗದಲ್ಲೂ ಉಳಿದುಕೊಂಡಿತು. ಸ್ಕಾಟ್ಲೆಂಡಿನಿಂದ ಐರ್ಲೆಂಡಿನ ಅಲ್‌ಸ್ಟರ್‌ಗೆ ಹೋಗಿ ನೆಲೆಸಿದವರ ಮಕ್ಕಳು ಮೊಮ್ಮಕ್ಕಳು 18ನೇ ಶತಮಾನದಲ್ಲಿ ಈ ಕಡೆ ಬಂದರು. ಬರುವಾಗ ಮಾತಿನ ಗಂಟನ್ನೂ ಹೊತ್ತು ತಂದರು. ಮನೆ ಓರಣ ಮಾಡುವುದಕ್ಕೆ ಇಲ್ಲಿಯವರು ಹೇಳುವ ‘ರೆಡ್ ಅಪ್’ ಕೂಡ ಅದೇ ಗಂಟಿನದು. ಇದೇ ಪೆನ್ಸಿಲ್ವೇನಿಯಾ ರಾಜ್ಯದ ಇನ್ನೊಂದು ತುದಿ ಫಿಲಡೆಲ್ಫಿಯಾದಲ್ಲಿ ನೆಬಿ ಅಂದರೆ ಎಷ್ಟೋ ಜನ ಮುಖ ನೋಡುತ್ತಾರೆ.

ಈ ಊರಿನ ಹಳೆಯ ಬೀದಿಗಳನ್ನು ನೋಡಿದರೆ ಆ ಪದಕ್ಕೆ ಇಲ್ಲಿ ಯಾಕೆ ಇಷ್ಟು ಕೆಲಸ ಅಂತ ತಿಳಿಯುತ್ತದೆ. ಗುಡ್ಡದ ಇಳಿಜಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಮನೆಗಳು, ಮುಂದೊಂದು ಪೋರ್ಚ್. ಸಂಜೆ ಅಲ್ಲಿ ಕುಳಿತರೆ ಯಾರು ಬಂದರು, ಯಾರು ಹೋದರು, ಎಲ್ಲಾ ಕಾಣುತ್ತದೆ. ನಮ್ಮ ಜಗಲಿಯೂ ಹಾಗೇ ಅಲ್ವಾ?

ಬೇರೆ ಕಡೆ ಬೇರೆ ಮಾತುಗಳಿವೆ. ಇಂಗ್ಲೆಂಡಿನಲ್ಲಿ ‘ನೋಸಿ ಪಾರ್ಕರ್’. 1575ರಲ್ಲಿ ತೀರಿಕೊಂಡ ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್ ಅವರ ಹೆಸರು ಅದು ಅಂತ ಒಂದು ಕತೆ ಓಡಾಡುತ್ತದೆ. ನಾನು ನಂಬುವುದಿಲ್ಲ. ಆ ಮಾತು ಅಚ್ಚಿನಲ್ಲಿ ಕಾಣುವುದೇ ಅವರು ತೀರಿಕೊಂಡು ಮುನ್ನೂರು ವರ್ಷ ಕಳೆದ ಮೇಲೆ. ಆಸ್ಟ್ರೇಲಿಯಾದವರು ‘ಸ್ಟಿಕಿಬೀಕ್’ ಅನ್ನುತ್ತಾರೆ. ಅಲ್ಲೂ ಕೊಕ್ಕೇ. ಸಿಂಗಾಪುರ, ಮಲೇಷ್ಯಾದವರ ಇಂಗ್ಲಿಷಿನಲ್ಲಿ ‘ಕೇಪೋ’. ಅದು ಚೀನಾದ ಹೊಕ್ಕಿಯೆನ್ ಮಾತಿನಿಂದ ಬಂದದ್ದು, ಅದರೊಳಗೆ ಕೋಳಿ ಕೂತಿದೆ ಅಂತ ಕೆಲವರು ಹೇಳುತ್ತಾರೆ.

ಕೋಳಿ ಅಂದ ಕೂಡಲೇ ನನಗೆ ನಮ್ಮ ‘ಕೆದಕು’ ನೆನಪಾಯಿತು. ಕೋಳಿ ತಿಪ್ಪೆ ಕೆದಕುತ್ತದೆ. ನಾವು ಕೆದಕಿ ಕೆದಕಿ ಕೇಳುತ್ತೇವೆ. ಒಂದೇ ಕ್ರಿಯಾಪದ! ಎಷ್ಟು ಸರಿಯಾದ ಮಾತು ನೋಡಿ. ಕೋಳಿಗೆ ಏನಾದರೂ ಸಿಗುವ ತನಕ ಬಿಡುವ ಅಭ್ಯಾಸವಿಲ್ಲ. ‘ಮೂಗು ತೂರಿಸು’ ಅಂದರೆ ಒಮ್ಮೆ ಒಳಗೆ ಇಣುಕಿದ ಹಾಗೆ. ಕೆದಕುವಾಗ ಮುಚ್ಚಿಟ್ಟದ್ದು ಹೊರಗೆ ಬರುತ್ತದೆ.

ಇದನ್ನು ಈಗ ಬರೆಯಲು ಕಾರಣವಿದೆ. ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ಪ್ರೀತಿಯಿಂದ ಬರುತ್ತಿದ್ದ ಒಂದು ದಂಪತಿ ಬರುವುದು ನಿಲ್ಲಿಸಿದ್ದಾರೆ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಪ್ರತಿ ಹಬ್ಬದ ಊಟದ ಸಾಲಿನಲ್ಲೂ ಅದೇ ಪ್ರಶ್ನೆಯಂತೆ: ‘ಏನಾದ್ರೂ ವಿಶೇಷ ಇದೆಯಾ?’ ಇನ್ನೂ ಇಲ್ಲ ಅಂದರೆ ಯಾಕೆ, ಡಾಕ್ಟರ್ ಹತ್ತಿರ ಹೋಗಿದ್ರಾ, ಯಾರಲ್ಲಿ ತೊಂದರೆ. ಕೇಳಿದವರು ‘ಸುಮ್ನೆ ಕೇಳಿದೆ’ ಅಂತ ಮುಂದೆ ಹೋಗುತ್ತಾರೆ. ಆಕೆ ತಟ್ಟೆ ಕೆಳಗಿಟ್ಟು ಕಾರಿನಲ್ಲಿ ಹೋಗಿ ಕುಳಿತಿದ್ದರಂತೆ. ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಕೆಲಸ ಹೋದವರಿಗೆ, ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಿರುವವರಿಗೆ ಕೂಡ ನಾವು ಇದನ್ನೇ ಮಾಡುತ್ತಿದ್ದೇವೆ.

ಹಾಗಂತ ಯಾರೂ ಯಾರನ್ನೂ ಏನೂ ಕೇಳಬಾರದು ಅಂತ ನಾನು ಹೇಳಲಾರೆ. ಊರು ಬಿಟ್ಟು ಇಷ್ಟು ದೂರ ಬಂದವರಿಗೆ ‘ಊಟ ಆಯ್ತಾ’ ಅಂತ ಕೇಳುವವರೂ ಇಲ್ಲದಿದ್ದರೆ ಬದುಕು ಬಹಳ ಕಷ್ಟ. ಎದುರು ಮನೆಯ ಅಜ್ಜಿ ಕೇಳುವುದೂ ಜಾಸ್ತಿಯೇ. ಆದರೆ ತನ್ನ ಕಣ್ಣಿಗೆ ಬಿದ್ದದ್ದನ್ನು ಕೇಳುತ್ತಾರೆ: ದೀಪ, ಕಾರು, ಬಾಗಿಲ ಮುಂದೆ ಹಾಗೇ ಬಿದ್ದ ಹಿಮ. ತನ್ನ ಕೈಲಿ ಏನಾದರೂ ಮಾಡಲು ಆಗುವುದನ್ನು ಕೇಳುತ್ತಾರೆ. ಉತ್ತರ ಬರದಿದ್ದರೆ ಹವಾಮಾನದ ಕಡೆ ತಿರುಗುತ್ತಾರೆ. ಕೇಳಿದ್ದನ್ನು ಮೂರನೇ ಮನೆಗೆ ಒಯ್ದದ್ದು ನನಗಂತೂ ಗೊತ್ತಿಲ್ಲ.

ಕಳೆದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ದಿನಾ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ಬೀದಿಯ ತುದಿಯ ತನಕ ನಡೆದು ಬರುತ್ತಿದ್ದರು. ಒಂದು ಬುಧವಾರ ನಾನು ಆಫೀಸಿಗೆ ಹೋದ ಮೇಲೆ ಅಜ್ಜಿಯ ಫೋನ್ ಬಂತು. ‘ನೆಬಿ ಅನ್ಕೋಬೇಡ, ನಿಮ್ಮಪ್ಪ ಇವತ್ತು ಹೊರಗೆ ಬರಲಿಲ್ಲ. ಬಾಗಿಲು ತಟ್ಟಲಾ?’ ಅಪ್ಪ ತಲೆ ಸುತ್ತಿ ಸೋಫಾದ ಮೇಲೆ ಮಲಗಿಬಿಟ್ಟಿದ್ದರು. ನಾನು ಮನೆ ಮುಟ್ಟುವ ತನಕ ಅಜ್ಜಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರಿಗೆ ಕನ್ನಡ ಬಾರದು, ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಒಂದು ಲೋಟ ನೀರು ಮಾತ್ರ ಇಬ್ಬರ ನಡುವೆ ಇತ್ತು.