ಮಗಳಿಗೊಂದು ಪತ್ರ: ಕಪಾಟುಗಳ ನಡುವೆ ಡೈಡೋ

ಪುಟ್ಟೀ,

ನಿಮ್ಮೂರ ಗ್ರಂಥಾಲಯದಲ್ಲಿ ಹಾಡಲು ಇಂಗ್ಲಿಷ್ ಸಂಗೀತಕಾರ ಪರ್ಸೆಲ್‌ನ ‘ಡೈಡೋ ಅಂಡ್ ಈನಿಯಸ್’ ಆರಿಸಿಕೊಂಡಿದ್ದು ಒಳ್ಳೆಯದಾಯಿತು. ಈನಿಯಸ್ ಬಿಟ್ಟು ಹೋದ ರಾಣಿ ಡೈಡೋಳ ಕಥೆಯನ್ನು ಹಾಡಿನಲ್ಲೇ ಹೇಳುವ, ಹೆಚ್ಚೆಂದರೆ ಒಂದು ತಾಸಿನ ಒಪೆರಾ. ನಾಲ್ಕು ಭಾಗದ ತಂತಿವಾದ್ಯ, ಒಂದು ಹಾರ್ಪ್ಸಿಕಾರ್ಡ್ (ತಂತಿ ಮೀಟುವ ಕೀಲಿಮಣೆ ವಾದ್ಯ) ಸಾಕು. 1689ರ ಹೊತ್ತಿಗೆ ಲಂಡನ್ನಿನ ಚೆಲ್ಸಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಆಡಿದ್ದ ಕೃತಿ ಇದು, ದೊಡ್ಡ ರಂಗಮಂದಿರ ಬೇಡುವುದಿಲ್ಲ. ವೇಷ, ಕುಣಿತ ಬಿಟ್ಟ ಯಕ್ಷಗಾನ ತಾಳಮದ್ದಳೆಯಾಗುವುದಿಲ್ಲವೇ, ಹಾಗೆಂದುಕೋ. ಹಾಡಿನ ಮಾತು ಕಡೇ ಸಾಲಿನವರಿಗೂ ಬಿಡಿಬಿಡಿಯಾಗಿ ಕೇಳಬೇಕು.

ಪುಸ್ತಕಗಳೂ ನೆಲಗಂಬಳಿಯೂ ದನಿಯನ್ನು, ಅದರಲ್ಲೂ ಮೇಲಿನ ಸ್ವರಗಳ ಹೊಳಪನ್ನು, ಹೀರಿಬಿಡುತ್ತವೆ. ತಮ್ಮ ದನಿ ತಮಗೇ ಮರಳಿ ಕೇಳದಾಗ ಹಾಡುವವರು ಒತ್ತಿ ಹಾಡತೊಡಗುತ್ತಾರೆ, ಗಂಟಲು ಸೋಲುತ್ತದೆ. ಅವರ ಬೆನ್ನಿಗೆ ಕಪಾಟು ಬೇಡ, ಬರಿಗೋಡೆ ಇರಲಿ. ಹಾರ್ಪ್ಸಿಕಾರ್ಡನ್ನು ನಾಲ್ಕು ತಾಸು ಮೊದಲೇ ತರಿಸು. ಆ ಕೋಣೆಯ ಬಿಸಿಗೆ, ತೇವಕ್ಕೆ ಒಗ್ಗುವವರೆಗೆ ಶ್ರುತಿ ನಿಲ್ಲುವುದಿಲ್ಲ. ಏಸಿ ಗಾಳಿ ಬೀಳುವ ಕಡೆ ಇಡಬೇಡ. ‘ಎ’ ಸ್ವರದ ಶ್ರುತಿ 415 ಹರ್ಟ್ಸ್‌ಗೋ 440ಕ್ಕೋ ಎಂದು ಎಲ್ಲರಿಗೂ ಮುಂಚೆಯೇ ಹೇಳು, ಅರ್ಧಸ್ವರದಷ್ಟು ವ್ಯತ್ಯಾಸವಿದೆ. ತಾವಾಗಿಯೇ ಆರುವ ದೀಪ, ದಡ್ಡೆನ್ನುವ ಪುಸ್ತಕ ವಾಪಸಾತಿ ಪೆಟ್ಟಿಗೆ, ಇವೆರಡನ್ನೂ ಸಿಬ್ಬಂದಿಗೆ ನೆನಪಿಸು.

ಮಾಟಗಾತಿಯರ ದೃಶ್ಯದಲ್ಲಿ ಪ್ರತಿಧ್ವನಿಯ ಕೋರಸ್ ಬರುತ್ತದಲ್ಲ, ಅಲ್ಲಿ ಗ್ರಂಥಾಲಯವೇ ನಿನ್ನ ಕೈಹಿಡಿಯುತ್ತದೆ. ನಾಲ್ವರನ್ನು ಹಿಂದಿನ ಕಪಾಟಿನ ಮರೆಗೆ ನಿಲ್ಲಿಸು. ಆದರೆ ಹತ್ತು ಮೀಟರ್ ದಾಟಲು ದನಿಗೆ ಸುಮಾರು 30 ಮಿಲಿಸೆಕೆಂಡ್ ಬೇಕು. ಅವರು ಕಿವಿಗೆ ಬಿದ್ದಂತೆ ಹಾಡಿದರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತಡವಾಗಿ ತಾಳ ಜಾರುತ್ತದೆ. ಕಣ್ಣಿನ ಮಟ್ಟದ ಹಲಗೆಯಿಂದ ಒಂದಷ್ಟು ಪುಸ್ತಕ ತೆಗೆಸಿ ಕಿಂಡಿ ಮಾಡಿಸು. ನಿರ್ದೇಶಕರ ಕೈ ನೋಡಿಯೇ ಹಾಡಲಿ. ಎರಡನೆಯ ಅಂಕದ ಕೊನೆಯ ಸಾಲುಗಳ ಸಂಗೀತ ಉಳಿದು ಬಂದಿಲ್ಲ. ಪರ್ಸೆಲ್‌ನದೇ ಬೇರೆ ತುಣುಕು ಸೇರಿಸುವುದೋ ಬಿಡುವುದೋ ಎಂದು ಮೊದಲ ತಾಲೀಮಿನಲ್ಲೇ ತೀರ್ಮಾನಿಸಿ.

ಇನ್ನು ಸಾಯುವ ಮುನ್ನ ಡೈಡೋ ಹಾಡುವ ಕಡೆಯ ಹಾಡು. ಕೆಳಗಿನ ಬಾಸ್, ಅಂದರೆ ವಾದ್ಯಗಳ ತಗ್ಗಿನ ದನಿ, ತಾರಷಡ್ಜದಿಂದ ಪಂಚಮಕ್ಕೆ ಒಂದೊಂದೇ ಅರ್ಧಸ್ವರ ಇಳಿದು, ಐದು ಬಾರ್‌ಗಳ (ತಾಳದ ಅಳತೆಗಳ) ಒಂದು ಸುತ್ತು ಮುಗಿಸುತ್ತದೆ; ಅಂಥ ಸುತ್ತು 11. ಹಾಡಿನ ಸಾಲುಗಳು ಬಾಸಿನ ಸುತ್ತಿನ ಜೊತೆಗೇ ಮುಗಿಯದೆ ಅದರ ಮೇಲೆ ಹಾದುಹೋಗುತ್ತವೆ, ದುಃಖದ ಎಳೆ ಕಡಿಯದಿರುವುದು ಅದರಿಂದಲೇ. ಬಾಸ್ ನುಡಿಸುವ ಚೆಲ್ಲೋದವರು ಪ್ರತಿ ಸುತ್ತಿನ ಕೊನೆಗೂ ‘ಭಾವ’ಕ್ಕೆಂದು ನಿಧಾನಿಸಿದರೆ ಹಾಡು ತುಂಡುತುಂಡಾಗಿ, ಡೈಡೋಗೆ ಉಸಿರು ಸಾಲದೆ ಹೋಗುತ್ತದೆ. ಬಾಸ್ ನಡೆಯುತ್ತಲೇ ಇರಲಿ, ಎಳೆದಾಡುವ ಹಕ್ಕು ಅವಳೊಬ್ಬಳದು.

ಹಾಡಿನ ಸಾಹಿತ್ಯದ ಹಾಳೆಯನ್ನು ಅಚ್ಚು ಹಾಕಿಸುವಾಗ ಈ ಹಾಡಿನ ಮಧ್ಯೆ ಪುಟ ತಿರುಗುವಂತಾಗಬಾರದು. ಎಂಬತ್ತು ಜನ ಒಟ್ಟಿಗೇ ಹಾಳೆ ಮಗುಚಿದರೆ ಆ ಸದ್ದಿಗೆ ಹಾಡೇ ಮುಚ್ಚಿಹೋದೀತು. ಇದೂ, ಕೊನೆಯ ಕೋರಸ್ಸೂ ಒಂದೇ ಪುಟದಲ್ಲಿರಲಿ. ನಡುವೆ ಚಪ್ಪಾಳೆ ಬೇಡವೆಂದು ಅಲ್ಲೇ ಒಂದು ಸಾಲು ಹಾಕಿಸು.

ನಿನ್ನ
ಅಮ್ಮ