ಮೂಲೆ ಒಡೆದ ಸ್ಲೈಡ್: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮೈಕ್ರೋಬಯಾಲಜಿ ಓದಿದವಳು. ಈಗ ಮಂಗಳೂರಿನ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಪ್ರಾಕ್ಟಿಕಲ್ ಪರೀಕ್ಷೆ ಹೇಗೆ ನಡೆಯಿತು ಅಂತ ನಿಮಗೆ ಗೊತ್ತಾಗಬೇಕು. ಅದಕ್ಕೇ ಈ ಪತ್ರ.

ವೈರಸ್, ಫಂಗಸ್, ಪರೋಪಜೀವಿಗಳ ಪೇಪರ್‌ಗೆ ನಮಗೆ ಸ್ಪಾಟರ್ ಇರುತ್ತಿತ್ತು. ಸಾಲಾಗಿ ಮೈಕ್ರೋಸ್ಕೋಪ್ ಇಟ್ಟಿರುತ್ತಾರೆ. ಒಂದೊಂದರ ಮುಂದೆ ಎರಡು ನಿಮಿಷ ನಿಲ್ಲಬೇಕು, ಬೆಲ್ ಹೊಡೆದ ಕೂಡಲೇ ಪಕ್ಕಕ್ಕೆ ಸರಿಯಬೇಕು. ಡಿಪಾರ್ಟ್‌ಮೆಂಟ್‌ನಲ್ಲಿ ಇದ್ದದ್ದು ಒಂದೇ ಪೆಟ್ಟಿಗೆ ಸ್ಲೈಡು. ಯಾವ ಕಾಲದಲ್ಲಿ ತಂದದ್ದೋ, ಬಣ್ಣ ಮಾಸಿ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ನೋಡಿ ಗುರುತು ಹಿಡಿಯೋದು ಸಾಧ್ಯವೇ ಇರಲಿಲ್ಲ. ಹಾಗಾಗಿ ಸೀನಿಯರ್‌ಗಳು ಬೇರೆ ಗುರುತು ಹೇಳಿಕೊಟ್ಟಿದ್ದರು. ಮೂಲೆ ಒಡೆದಿದ್ದರೆ ಲೀಶ್ಮೇನಿಯಾ ಅನ್ನೋ ಪರೋಪಜೀವಿ. ಲೇಬಲ್ ಅರ್ಧ ಕಿತ್ತಿದ್ದರೆ ಮಲೇರಿಯಾ. ಗಾಜಿನ ಮೇಲೆ ಉದ್ದ ಗೀರು ಇದ್ದರೆ ಕೊಕ್ಕೆಹುಳುವಿನ ಮೊಟ್ಟೆ. ನಾನು ಎಲ್ಲಾ ಸರಿಯಾಗಿ ಬರೆದೆ. ಪೂರ್ತಿ ಅಂಕ ಬಂತು.

ಲ್ಯಾಬ್ ಸೇರಿದ ಎರಡನೇ ವಾರ, ಕಟ್ಟಡ ಕೆಲಸ ಮಾಡುವ ಒಬ್ಬ ಹುಡುಗನ ರಕ್ತ ಬಂತು. ಮೂರು ದಿನದ ಜ್ವರ, ಚಳಿ. ಜೀಮ್ಸಾ ಬಣ್ಣ ಹಾಕಿ, ಎಣ್ಣೆ ಬಿಟ್ಟು, ನೂರರ ಲೆನ್ಸ್‌ನಲ್ಲಿ ಅರ್ಧ ಗಂಟೆ ನೋಡಿದೆ. ಒಂದು ಕೆಂಪು ರಕ್ತಕಣದ ಮೇಲೆ ನೇರಳೆ ಚುಕ್ಕೆ ಕಂಡಿತು. ಮಲೇರಿಯಾ ಅಂದುಕೊಂಡೆ. ಅಲ್ಲಿ ತುಂಬಾ ವರ್ಷದಿಂದ ಕೆಲಸ ಮಾಡುತ್ತಿದ್ದ ಅಕ್ಕ ಬಂದು ಫೈನ್ ಫೋಕಸ್ ಸ್ವಲ್ಪ ತಿರುಗಿಸಿದರು. ಚುಕ್ಕೆ ಬೇರೆ ಮಟ್ಟದಲ್ಲಿ ತೇಲಿತು. ಅದು ಕಣದ ಮೇಲೆ ಕೂತ ಪ್ಲೇಟ್‌ಲೆಟ್ ಅಷ್ಟೇ. ಆಮೇಲೆ ಅವರು ಸ್ಲೈಡನ್ನು ಒಂದು ಕೂದಲೆಳೆಯಷ್ಟು ಸರಿಸಿ, "ಇಲ್ಲಿ ನೋಡು" ಅಂದರು. ಉಳಿದವಕ್ಕಿಂತ ಊದಿದ ಒಂದು ಕಣ, ಅದರೊಳಗೆ ನೀಲಿ ಉಂಗುರ, ಉಂಗುರಕ್ಕೆ ಕೆಂಪು ಹರಳು. ವೈವಾಕ್ಸ್ ಮಲೇರಿಯಾ. ಅದರ ಮೇಲೆ ನಾನು ಮೂರು ಸಲ ಹಾದು ಹೋಗಿದ್ದೆ.

ಅವತ್ತು ಅಕ್ಕ ರಜೆಯಲ್ಲಿದ್ದಿದ್ದರೆ? ಆ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಮ್ಮ ಮೇಷ್ಟ್ರುಗಳನ್ನು ನಾನು ದೂರುತ್ತಿಲ್ಲ. ಕೈಯಲ್ಲಿ ಇದ್ದದ್ದರಲ್ಲೇ ಅವರು ಕಲಿಸಿದರು. ತೊಂದರೆ ಇರುವುದು ಬೇರೆ ಕಡೆ. ನಮ್ಮಂಥ ವಿದ್ಯಾರ್ಥಿಗಳು ನಿಮ್ಮ ಇಲಾಖೆಯಲ್ಲಿ. ಮೆಡಿಕಲ್ ಕಾಲೇಜುಗಳು ವೈದ್ಯಕೀಯ ಶಿಕ್ಷಣ ಇಲಾಖೆಯಲ್ಲಿ. ಮಲೇರಿಯಾ, ಆನೆಕಾಲು, ಮಂಗನ ಕಾಯಿಲೆ ನೋಡುವವರು ಆರೋಗ್ಯ ಇಲಾಖೆಯಲ್ಲಿ. ನಮಗೆ ಬೇಕಾದ ಸ್ಲೈಡ್ ಊರ ಆ ತುದಿಯ ಆಸ್ಪತ್ರೆಯಲ್ಲಿ ಇರುತ್ತದೆ. ಕೆಲಸ ಮುಗಿದ ಮೇಲೆ ಅದು ಕಸಕ್ಕೆ ಹೋಗುತ್ತದೆ. ಈ ಮೂರು ಇಲಾಖೆಗಳ ನಡುವೆ ಒಂದು ಒಪ್ಪಂದ ಆಗಬೇಕು. ರೋಗಿಯ ಹೆಸರು, ನಂಬರ್ ತೆಗೆದ ಪಾಸಿಟಿವ್ ಸ್ಲೈಡ್‌ಗಳು ಪ್ರತಿ ವರ್ಷ ವಿಶ್ವವಿದ್ಯಾಲಯಗಳಿಗೆ ಬರಬೇಕು. ಎಂ.ಎಸ್ಸಿ. ವಿದ್ಯಾರ್ಥಿಗಳು ಕನಿಷ್ಠ ಒಂದು ತಿಂಗಳು ಜಿಲ್ಲಾ ಲ್ಯಾಬ್‌ನಲ್ಲಿ ಕೂರಬೇಕು. ಇದು ನಿಮ್ಮಿಂದ ಆಗುವ ಕೆಲಸ, ದುಡ್ಡೂ ಜಾಸ್ತಿ ಬೇಡ.

ಆನೆಕಾಲಿನ ವಿಷಯವನ್ನೇ ನೋಡಿ. ಅದರ ಮರಿಹುಳುಗಳು ರಾತ್ರಿ ಹೊತ್ತು ಮಾತ್ರ ಮೈಯ ಮೇಲ್ಪದರದ ರಕ್ತಕ್ಕೆ ಬರುತ್ತವೆ. ಅದಕ್ಕೇ ಕಲಬುರಗಿ ಕಡೆ ಆರೋಗ್ಯ ಸಿಬ್ಬಂದಿ ರಾತ್ರಿ ಮನೆ ಮನೆಗೆ ಹೋಗಿ ಬೆರಳು ಚುಚ್ಚಿ ರಕ್ತ ತೆಗೆಯುತ್ತಾರೆ. ನಮ್ಮ ನೋಟ್ಸ್‌ನಲ್ಲಿ ಇದಕ್ಕೆ ಅರ್ಧ ಸಾಲು. ಒಂದು ರಾತ್ರಿ ಅವರ ಜೊತೆ ನಡೆದವರಿಗೆ ಇದು ಜನ್ಮದಲ್ಲಿ ಮರೆಯೋದಿಲ್ಲ.

ಫಂಗಸ್‌ಗೆ ಇಷ್ಟೂ ಕಷ್ಟವಿಲ್ಲ. ಬ್ರೆಡ್ ಮೇಲೆ, ಗೋಡೆ ಮೇಲೆ, ಗಾಳಿಯಲ್ಲಿ ಎಲ್ಲಾ ಕಡೆ ಇದೆ. ಸೆಲೋಟೇಪ್‌ನಲ್ಲಿ ಒತ್ತಿ ತೆಗೆದು, ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಅನ್ನೋ ಬಣ್ಣ ಒಂದು ಹನಿ ಹಾಕಿದರೆ ಸಾಕು. ಆದರೆ ರೋಗಿಯ ಮೂಗಿನೊಳಗಿಂದ ತೆಗೆದ ಚೂರಿನಲ್ಲಿ ಅದನ್ನು ಹುಡುಕುವುದು ಬೇರೆ. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಎಲ್ಲರೂ ಅದು ಕಪ್ಪು ಫಂಗಸ್ ಅಂದುಕೊಂಡರು. ಕಪ್ಪಾಗುವುದು ರಕ್ತ ಸಿಗದೆ ಸತ್ತ ಮಾಂಸ. ಆ ಚೂರಿಗೆ ಕೆ.ಓ.ಎಚ್. ದ್ರಾವಣ ಹಾಕಿ ನೋಡಿದರೆ ಅಗಲವಾದ, ರಿಬ್ಬನ್ ಥರದ ಎಳೆಗಳು ಕಾಣುತ್ತವೆ, ಹೆಚ್ಚುಕಮ್ಮಿ ಲಂಬಕೋನದಲ್ಲಿ ಕವಲೊಡೆದಿರುತ್ತವೆ. ಆಸ್ಪರ್ಜಿಲಸ್ ಅನ್ನೋ ಇನ್ನೊಂದು ಫಂಗಸ್ ಆದರೆ ಎಳೆ ಸಣ್ಣ, ನಡುನಡುವೆ ಅಡ್ಡಗೋಡೆ. ಈ ವ್ಯತ್ಯಾಸ ಗೊತ್ತಿರುವ ಕಣ್ಣು ಅದೇ ದಿನ ಡಾಕ್ಟರಿಗೆ ದಾರಿ ತೋರಿಸುತ್ತದೆ. ಲ್ಯಾಬ್‌ನಲ್ಲಿ ಫಂಗಸ್ ಬೆಳೆಸಿ ನೋಡಲು (ಕಲ್ಚರ್) ದಿನಗಳು ಬೇಕು. ಅಷ್ಟು ಕಾಯುವ ಕಾಯಿಲೆ ಅದಲ್ಲ.

ಇನ್ನು ವೈರಸ್. ನಾನು ಮಲೆನಾಡಿನವಳು. ಕಾಡಲ್ಲಿ ಮಂಗ ಸತ್ತು ಬಿದ್ದಿದೆ ಅಂದರೆ ನಮ್ಮ ಮನೆಯಲ್ಲಿ ಯಾರೂ ದರಗು (ಒಣ ಎಲೆ) ತರಲು ಹೋಗುತ್ತಿರಲಿಲ್ಲ. ಮಂಗನ ಕಾಯಿಲೆಯ ವೈರಸ್ ಮೊದಲು ಸಿಕ್ಕಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ. ಜಗತ್ತಿನ ಪುಸ್ತಕಗಳಲ್ಲಿ ಅದಕ್ಕೆ ನಮ್ಮ ಕಾಡಿನದೇ ಹೆಸರು. ಆದರೂ ನಾನು ಓದಿದ ಎರಡು ವರ್ಷದಲ್ಲಿ ಅದು ಐದು ಅಂಕದ ಒಂದು ಪ್ರಶ್ನೆ, ಅಷ್ಟೇ. ಅದನ್ನು ಹರಡುವ ಉಣುಗನ್ನು ನಮಗೆ ಯಾರೂ ತೋರಿಸಲಿಲ್ಲ. ಆ ವೈರಸ್ಸನ್ನು ಹುಡುಗರ ಕೈಗೆ ಕೊಡಿ ಅಂತ ನಾನು ಖಂಡಿತ ಕೇಳುತ್ತಿಲ್ಲ. ಅದಕ್ಕೆ ತುಂಬಾ ಬಿಗಿ ಸುರಕ್ಷತೆ ಇರುವ ಲ್ಯಾಬೇ ಬೇಕು. ಆದರೆ ಸ್ಪಿರಿಟ್‌ನಲ್ಲಿ ಇಟ್ಟ ಉಣುಗನ್ನು ಲೆನ್ಸ್ ಕೆಳಗೆ ನೋಡಬಹುದು ಅಲ್ವಾ? ಯಾವ ಊರಲ್ಲಿ ಯಾವತ್ತು ಮಂಗ ಸತ್ತಿತು ಅಂತ ಸಿಬ್ಬಂದಿ ಜೊತೆ ಕೂತು ನಕ್ಷೆಯಲ್ಲಿ ಗುರುತು ಹಾಕಬಹುದು ಅಲ್ವಾ?

ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರ್ ಹೊತ್ತಿಗೆ ಶುರುವಾಗುತ್ತದೆ. ಅಷ್ಟರೊಳಗೆ ಒಂದು ಆದೇಶ ಹೊರಡಿಸಿದರೆ ಈ ಸಲದ ಬ್ಯಾಚ್‌ಗೇ ಅನುಕೂಲ ಆಗುತ್ತದೆ. ನೀವು ಕರೆದರೆ ನಾನು ಒಂದು ದಿನ ರಜೆ ಹಾಕಿ ಬೆಂಗಳೂರಿಗೆ ಬರುತ್ತೇನೆ. ಮೈಕ್ರೋಸ್ಕೋಪ್ ಒಂದಿದ್ದರೆ ಸಾಕು. ಆ ಪ್ಲೇಟ್‌ಲೆಟ್ ಹೇಗಿರುತ್ತದೆ, ಉಂಗುರ ಹೇಗಿರುತ್ತದೆ ಅಂತ ಪಕ್ಕ ಪಕ್ಕದಲ್ಲೇ ತೋರಿಸುತ್ತೇನೆ.

ಇಂತಿ,
ಮಂಗಳೂರಿನ ಒಬ್ಬ ಲ್ಯಾಬ್ ಟೆಕ್ನಿಷಿಯನ್