ಕಣ್ಣಿನ ಆಪರೇಷನ್ ಮುಂದೂಡಬೇಡ ಅಮ್ಮ

ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ, ನೀವೆಲ್ಲ ಕ್ಷೇಮ ಅಂದುಕೊಂಡಿದೀನಿ. ಪದ್ಮಕ್ಕ ಬರೆದು ಕಳಿಸಿದ ಕಾಗದ ಬಂತು. ಅಕ್ಷರ ಅವಳದು, ಬೈಗುಳ ಪೂರ್ತಿ ನಿನ್ನದು. ಅಕ್ಷರ ದಪ್ಪ ಮಾಡಿ ಬರೀತಿದೀನಿ. ಆದರೂ ಕಷ್ಟವಾದರೆ ಅವಳ ಹತ್ತಿರ ಓದಿಸಿಕೋ, ಕಣ್ಣು ಕಿರಿದು ಮಾಡಿಕೊಂಡು ಓದಬೇಡ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ಹೌದು, ಸಂಜೆ ಹೊತ್ತು ಡೈಮಂಡ್ ಪೇಂಟಿಂಗ್ ಮಾಡ್ತಿದೀನಿ, ಅಂದರೆ ಕ್ಯಾನ್ವಾಸ್ ಮೇಲೆ ಬಣ್ಣದ ಸಣ್ಣ ಹರಳು ಅಂಟಿಸಿ ಚಿತ್ರ ತುಂಬೋದು. ಕೆಲಸಕ್ಕೆ ತೊಂದರೆ ಇಲ್ಲ, ದುಡ್ಡೂ ಪೋಲಾಗಿಲ್ಲ. ಅಪ್ಪ ನಿಜವಾದ ವಜ್ರ ಅಂದುಕೊಂಡು ಗಾಬರಿಯಾದರಂತೆ, ಅವು ರೆಸಿನ್‌ನಿಂದ ಮಾಡಿದ ಹರಳು ಅಂತ ಹೇಳಿಬಿಡು. ಗಂಡು ಹುಡುಗ ಹರಳು ಅಂಟಿಸ್ತಾ ಕೂತಿದಾನಾ ಅಂತ ರಘು ಮಾವ ನಕ್ಕಿದ್ದೂ ಗೊತ್ತಾಯ್ತು. ಮಾವನಿಗೆ ಹೇಳು, ಇಲ್ಲಿ ನಮ್ಮ ಏರಿಯಾದ ಲೈಬ್ರರಿಯಲ್ಲಿ ಶನಿವಾರ ಇಂಥ ಕೈಕೆಲಸಕ್ಕೆ ಅಂತಲೇ ಒಂದು ಉದ್ದನೆ ಮೇಜು ಬಿಟ್ಟಿರ್ತಾರೆ. ನನ್ನ ಎದುರಿಗೆ ಕೂರೋರು ರಿಟೈರಾದ ಬಸ್ ಡ್ರೈವರ್. ಅಷ್ಟು ದೊಡ್ಡ ಕೈ, ಅಷ್ಟು ಸಣ್ಣ ಹರಳು, ಒಂದಾದರೂ ಓರೆ ಬೀಳಬೇಕಲ್ಲ! ದೊಡ್ಡೋರು ಆಟದ ಸಾಮಾನಿನಂಥದ್ದನ್ನ ಇಟ್ಟುಕೊಂಡು ಗಂಭೀರವಾಗಿ ಕೂರೋದು ನೋಡಿದರೆ ಮೊದಲಿಗೆ ವಿಚಿತ್ರ ಅನ್ನಿಸುತ್ತೆ. ಆದರೆ ಯಾರೂ ಯಾರನ್ನೂ ನೋಡಿ ನಗಲ್ಲ. ಅದು ನನಗೆ ತುಂಬಾ ಹಿಡಿಸಿದೆ.

ನನಗೆ ಚಿತ್ರ ಬರೆಯೋಕೆ ಬರಲ್ಲ, ನಿನಗೆ ಗೊತ್ತು. ಇದಕ್ಕೆ ಅದು ಬೇಕಾಗೂ ಇಲ್ಲ. ಕ್ಯಾನ್ವಾಸ್ ಮೇಲೆ ಸಣ್ಣ ಸಣ್ಣ ಚೌಕದ ಮನೆ ಅಚ್ಚಾಗಿರುತ್ತೆ, ಒಂದೊಂದು ಮನೆಯಲ್ಲೂ ಒಂದು ಗುರುತು. ಯಾವ ಗುರುತಿಗೆ ಯಾವ ಬಣ್ಣ ಅಂತ ಪಕ್ಕದಲ್ಲೇ ಪಟ್ಟಿ. ಆ ಪಟ್ಟಿ ನೋಡಿದರೆ ನಿನಗೆ ಖುಷಿಯಾಗುತ್ತೆ, ಯಾಕಂದ್ರೆ ಬಹಳಷ್ಟು ಕಿಟ್‌ಗಳಲ್ಲಿ ಇರೋದು ಡಿಎಂಸಿ ಕಂಪನಿಯ ಕಸೂತಿ ದಾರದ ನಂಬರುಗಳೇ. 310 ಅಂದರೆ ಇಲ್ಲೂ ಕಪ್ಪು. ಮೇಲೆ ಅಂಟು, ಅಂಟಿನ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ. ಹಾಳೆಯನ್ನ ಪೂರ್ತಿ ಕಿತ್ತುಬಿಡಬಾರದು, ಆವತ್ತು ಮಾಡೋವಷ್ಟು ಜಾಗ ಮಾತ್ರ ಬಿಡಿಸಬೇಕು. ಇಲ್ಲದಿದ್ದರೆ ಧೂಳು, ಕೂದಲು ಎಲ್ಲ ಹತ್ತಿ ಹರಳು ನಿಲ್ಲಲ್ಲ.

ಹರಳನ್ನ ಗೀರು ಗೀರು ಇರೋ ಒಂದು ಪುಟ್ಟ ತಟ್ಟೆಗೆ ಸುರಿದು, ಮೊರದಲ್ಲಿ ಕೇರಿದ ಹಾಗೆ ಮೆಲ್ಲಗೆ ಅಲ್ಲಾಡಿಸಿದರೆ ಹೆಚ್ಚಿನವು ಹೊಳೆಯೋ ಮುಖ ಮೇಲೆ ಮಾಡಿಕೊಂಡು ಸಾಲಾಗಿ ಕೂರ್ತವೆ. ಕಿಟ್‌ನಲ್ಲಿ ಬರೋ ಪೆನ್ನಿನ ತುದಿಯನ್ನ ಮೇಣಕ್ಕೆ ಒತ್ತಿ, ಹರಳಿನ ಮೇಲೆ ಮುಟ್ಟಿಸಿದರೆ ಸಾಕು, ಎದ್ದು ಬರುತ್ತೆ. ಗುರುತಿನ ಮೇಲಿಟ್ಟು ಒತ್ತೋದು. ಚೌಕದ ಹರಳು ಒಂದೊಂದು ಬದಿ ಎರಡೂವರೆ ಮಿಲಿಮೀಟರ್ ಇರುತ್ತೆ, ಪಕ್ಕದ ಎರಡರ ನಡುವೆ ಕೂರುವಾಗ ಟಕ್ ಅನ್ನುತ್ತೆ. ಆ ಸದ್ದಿಗೋಸ್ಕರವೇ ಇನ್ನೊಂದು ಇಡೋಣ, ಇನ್ನೊಂದು ಇಡೋಣ ಅನ್ನಿಸುತ್ತೆ ಅಮ್ಮ. 30 ಸೆಂಟಿಮೀಟರ್‌ಗೆ 40 ಸೆಂಟಿಮೀಟರ್ ಚಿತ್ರ ಪೂರ್ತಿ ತುಂಬಬೇಕಾದರೆ 19,200 ಹರಳು. ಲೆಕ್ಕ ಕೇಳಿ ಅಪ್ಪ ತಲೆ ಚಚ್ಚಿಕೋಬಹುದು. ಆದರೆ ದಿನವೆಲ್ಲ ಕಂಪ್ಯೂಟರ್ ಮುಂದೆ ಕೂತ ತಲೆಗೆ ಇದು ಕೊಡೋ ನೆಮ್ಮದಿ ಬೇರೆ. ಈಗ ರಾತ್ರಿ ಚೆನ್ನಾಗಿ ನಿದ್ದೆ ಬರ್ತಿದೆ. ನಾನು ಒಬ್ಬನೇ ಬೇಜಾರಿನಲ್ಲಿ ಇದೀನೇನೋ ಅಂತ ನೀನು ಅಂದುಕೊಂಡಿದ್ದರೆ ಅದನ್ನ ಈ ಕ್ಷಣ ಬಿಟ್ಟುಬಿಡು. ನನಗಿಲ್ಲಿ ಏನೇನೂ ಕೊರತೆ ಇಲ್ಲ.

ಈಗ ನನ್ನ ಮಾತು. ಫೋನಿನಲ್ಲಿ ಹೇಳಿದರೆ ನೀನು ಬೇರೆ ಕಡೆ ಹೊರಳಿಸ್ತೀಯ, ಅದಕ್ಕೇ ಕಾಗದದಲ್ಲಿ ಬರೀತಿದೀನಿ.

ಹೋದ ಸಲ ವಿಡಿಯೋದಲ್ಲಿ ನವಿಲಿನ ಚಿತ್ರ ತೋರಿಸಿದೆನಲ್ಲ, ಕತ್ತಿನ ಹತ್ತಿರ ಕಡುನೀಲಿ, ಅದರ ಪಕ್ಕ ನೇರಳೆ. ಎರಡೂ ಒಂದೇ ಬಣ್ಣ ಯಾಕೆ ಹಾಕಿದಾರೆ ಅಂತ ಕೇಳಿದೆ ನೀನು. ಫೋನಿನ ಪರದೆ ಸರಿ ಇಲ್ಲ ಅಂತಲೂ ನೀನೇ ಅಂದೆ. ಅದೇ ಫೋನಿನಲ್ಲಿ ಪದ್ಮಕ್ಕ ಎರಡನ್ನೂ ಬೇರೆ ಬೇರೆ ಹೇಳಿದಳು. ದಾರದ ಎರಡು ಲಡಿ ಕಿಟಕಿ ಬೆಳಕಿಗೆ ಹಿಡಿದು, ಇದು ಒಂದು ಕೂದಲೆಳೆ ಗಾಢ, ಇದು ಬೇಡ ಅಂತ ವಾಪಸ್ ಕೊಡ್ತಿದ್ದವಳು ನೀನು. ಆವತ್ತಿಂದ ನನಗೆ ಸಮಾಧಾನ ಇಲ್ಲ. ಪೊರೆ ಬಂದಾಗ ಕಣ್ಣೊಳಗಿನ ಮಸೂರ ಮೆಲ್ಲಗೆ ಹಳದಿಗಟ್ಟುತ್ತೆ, ನೀಲಿ ಮತ್ತು ನೇರಳೆ ಗುರುತಿಸೋದು ಕಷ್ಟ ಆಗುತ್ತೆ. ಎದುರಿಗೆ ಬರೋ ಗಾಡಿಯ ಲೈಟು ಚೆದುರಿ ಕಾಣುತ್ತೆ ಅಂತ ನೀನೇ ಅಂದಿದ್ದೆ. ಎರಡೂ ಅದರದೇ ಲಕ್ಷಣ. ಡಾಕ್ಟರು ಹೇಳಿಯೂ ಆಗಿದೆ. ಇನ್ನೇನು ಬೇಕು?

ಪೊರೆ ಇನ್ನಷ್ಟು ಬಲಿಯಲಿ ಅಂತ ಯಾರೋ ಹೇಳಿದರಂತೆ. ಅದು ಹಿಂದಿನ ಕಾಲದ ಮಾತು ಅಮ್ಮ. ಈಗ ಪೊರೆಯಿಂದ ದಿನನಿತ್ಯದ ಕೆಲಸಕ್ಕೆ ತೊಂದರೆ ಆದರೆ ಮಾಡಿಸಿಬಿಡ್ತಾರೆ. ತುಂಬಾ ಬಲಿತು ಗಟ್ಟಿಯಾದರೆ ತೆಗೆಯೋದೇ ಕಷ್ಟ. ಸಣ್ಣ ಗಾಯ ಮಾಡಿ ಹಳೇ ಮಸೂರ ತೆಗೆದು ಅದೇ ಜಾಗದಲ್ಲಿ ಕೃತಕ ಮಸೂರ ಕೂರಿಸ್ತಾರೆ, ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸ್ತಾರೆ. ಕಣ್ಣಿಗಷ್ಟೇ ಮರಗಟ್ಟಿಸೋದು. ಹೆದರೋಕೆ ಏನೂ ಇಲ್ಲ, ಏನೇನೂ ಇಲ್ಲ. ಸಕ್ಕರೆ ಮಾತ್ರ ಹತೋಟಿಯಲ್ಲಿರಬೇಕು. ಸಕ್ಕರೆ ಇರೋರಿಗೆ ಕಣ್ಣಿನ ಹಿಂಭಾಗದ ಪರದೆಯನ್ನೂ ನೋಡಬೇಕಾಗುತ್ತೆ, ಅದನ್ನ ಪದ್ಮಕ್ಕ ಮರೆಯದೆ ಕೇಳಲಿ. ಖರ್ಚಿನ ಮಾತು ಅಪ್ಪ ಎತ್ತಿದರೆ ನಾನಿದೀನಿ ಅಂತ ಹೇಳು. ನನಗೆ ಭಾರ ಆಗಲ್ಲ. ನಿಜವಾಗಲೂ ಆಗಲ್ಲ.

ಅಮ್ಮನಿಗೆ ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ, ಅದಕ್ಕೇ ಕಸೂತಿ ಬಿಟ್ಟಿದಾಳೆ, ಆ ಹರಳಿನ ಕಿಟ್ ಒಂದು ಕಳಿಸು ಅಂತ ಪದ್ಮಕ್ಕ ಬರೆದಿದಾಳೆ. ನಿನಗೆ ಅಂತಲೇ ಆರಿಸಿ ಇಟ್ಟಿದೀನಿ. ಹೂವಿನ ಚಿತ್ರ, ದುಂಡು ಹರಳು. ಹೊಸಬರಿಗೆ ದುಂಡೇ ಸುಲಭ, ಸ್ವಲ್ಪ ಅತ್ತಿತ್ತ ಆದರೂ ಕಣ್ಣಿಗೆ ಹೊಡೆಯಲ್ಲ. ಗುರುತುಗಳೂ ದೊಡ್ಡದಾಗಿವೆ. ಮುಖದ ಚಿತ್ರ ಬೇಡ ಅಂತ ಬಿಟ್ಟೆ, ಸಣ್ಣ ಕ್ಯಾನ್ವಾಸಿನಲ್ಲಿ ಕಣ್ಣು ಮೂಗು ಎಲ್ಲ ಬರೀ ಚೌಕಗಳಾಗಿ ಕಾಣ್ತವೆ. ಆದರೆ ಕಿಟ್ ಈಗ ಕಳಿಸಲ್ಲ. ಮಂಕು ಕಣ್ಣಿನಲ್ಲಿ ಬಗ್ಗಿ ಕೂತು ನೀನು ಕತ್ತು ನೋವು ಮಾಡಿಕೊಳ್ಳೋದು ನನಗೆ ಬೇಡ. ಆಪರೇಷನ್ ಆಗಿ, ಹನಿ ಔಷಧಿ ಮುಗಿದು, ಡಾಕ್ಟರು ಇಂಥ ಕೆಲಸ ಮಾಡಬಹುದು ಅಂದ ಮೇಲೆ ಅಂಚೆಗೆ ಹಾಕ್ತೀನಿ. ಅಲ್ಲಿವರೆಗೂ ಕಣ್ಣು ಉಜ್ಜಬಾರದು, ಭಾರ ಎತ್ತಬಾರದು. ನೀರಿನ ಕೊಡ ನೀನೇ ಎತ್ತೋದು ಅಂತ ಹಟ ಮಾಡಬೇಡ, ಸುಮ ಇದಾಳೆ. ಕಿಟ್ ಬಂದ ಮೇಲೂ ಹರಳಿನ ಡಬ್ಬಿ ಪುಟ್ಟಿಯ ಕೈಗೆ ಸಿಗದ ಹಾಗೆ ಮೇಲಿಡಿ. ಬಣ್ಣ ನೋಡಿ ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಈ ವಾರವೇ ಪದ್ಮಕ್ಕನ ಜೊತೆ ಹೋಗಿ ದಿನ ಗೊತ್ತು ಮಾಡಿಕೊಂಡು ಬಾ. ದಿನ ಗೊತ್ತಾದ ತಕ್ಷಣ ಫೋನ್ ಮಾಡಿ, ರಾತ್ರಿ ಎಷ್ಟು ಹೊತ್ತಾದರೂ ಎತ್ತಿಕೊಳ್ತೀನಿ. ನನ್ನ ಯೋಚನೆ ಮಾಡಬೇಡ, ಆರೋಗ್ಯವಾಗಿ, ಸುಖವಾಗಿ ಇದೀನಿ. ಬರೆಯೋದು ಇನ್ನೂ ಇತ್ತು, ಅಂಚೆ ಮುಚ್ಚೋ ಹೊತ್ತಾಯ್ತು, ಈಗಲೇ ಓಡಬೇಕು. ಅಪ್ಪನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ದಿನ ಗೊತ್ತು ಮಾಡೋದು ಮರೀಬೇಡ.

ಇತಿ ನಿನ್ನ ಮಗ
ಗುರು